ಕಡಲಾಚೆಯಿಂದ ತರಿಸಿಕೊಂಡ ಒಂದು ವೈಡ್ ಜೂಮ್ ಲೆನ್ಸ್

ಕಳೆದ ತಿಂಗಳು ಜಪಾನಿನಿಂದ ನನ್ನ ಕೈಗೆ ಒಂದು ಟೋಕಿನಾ ಲೆನ್ಸ್ ಬಂದು ಸೇರಿತು. ಅದು 11ರಿಂದ 20 ಮಿ.ಮೀ. ವರೆಗಿನ, ಜೂಮಿನ ಉದ್ದಕ್ಕೂ ಎಫ್ 2.8 ಅಪರ್ಚರ್ ಕೊಡುವ, ಈ ಮೊದಲು ಬೇರೊಬ್ಬರು ಬಳಸಿದ್ದ ಲೆನ್ಸ್. ಮಿ.ಮೀ. ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸಿನ ನೋಟ ಅಗಲ; ಅಪರ್ಚರ್ ಎಂದರೆ ಬೆಳಕು ಒಳಬರುವ ಕಿಂಡಿ, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಅದು ದೊಡ್ಡದು. ಇದೇ ಮಾದರಿ ಬೇಕೆಂದು ನಿರ್ಧರಿಸಲು ನನಗೆ ಒಂದು ವಾರ ಸಾಕಾಯಿತು. ಆದರೆ ಆ ಮಾದರಿಯ ಯಾವ ಒಂದು ಲೆನ್ಸನ್ನು, ಯಾರಿಂದ, ಯಾವ ಷರತ್ತಿನ ಮೇಲೆ ಕೊಳ್ಳಬೇಕೆಂದು ತೀರ್ಮಾನಿಸಲು ಎರಡು ತಿಂಗಳು ಹಿಡಿಯಿತು. ಅಷ್ಟು ಸಮಯ ತೆಗೆದುಕೊಂಡದ್ದು ಸರಿಯೆಂದೇ ನನ್ನ ಅಭಿಪ್ರಾಯ. ವೈಡ್ ಜೂಮ್‌ಗಳ ವಿಷಯದಲ್ಲಿ, ಅದರಲ್ಲೂ ಕಣ್ಣಾರೆ ನೋಡದೆ ದೂರದೇಶದಿಂದ ತರಿಸಿಕೊಳ್ಳುವಾಗ, ನಾವು ಹಣ ಕೊಡುವುದು ಒಂದು ಮಾದರಿಯ ಹೆಸರಿಗಲ್ಲ, ಒಂದು ನಿರ್ದಿಷ್ಟ ಸೀರಿಯಲ್ ನಂಬರಿನ ಲೆನ್ಸಿಗೆ. ಇದನ್ನು ನಾನು ಒಮ್ಮೆ ನಷ್ಟ ಮಾಡಿಕೊಂಡು ಕಲಿತಿದ್ದೇನೆ. ಆ ಸಂಗತಿ ಮುಂದೆ ಬರುತ್ತದೆ.

ಮೊದಲು ಆಯ್ಕೆಯ ವಿಷಯ. ನನ್ನ ಬಳಿ ಇರುವುದು ನಿಕಾನ್ ಡಿ5600, ಅಂದರೆ 35 ಮಿ.ಮೀ. ಫಿಲ್ಮಿನಷ್ಟು ದೊಡ್ಡದಾದ ಪೂರ್ಣ ಫ್ರೇಮ್‌ಗಿಂತ ಒಂದೂವರೆ ಪಟ್ಟು ಚಿಕ್ಕದಾದ (1.5 ಕ್ರಾಪ್ ಎನ್ನುವುದು ಇದನ್ನೇ) ಸೆನ್ಸರಿನ ಕ್ಯಾಮೆರಾ. ಕ್ಯಾಮೆರಾದ ಜೊತೆಗೆ ಬರುವ 18 ಮಿ.ಮೀ.ನಿಂದ ಶುರುವಾಗುವ ಲೆನ್ಸ್ ಸುಮಾರು 76 ಡಿಗ್ರಿಯಷ್ಟು ನೋಟವನ್ನು ಹಿಡಿಯುತ್ತದೆ. ನನಗೆ ಬೇಕಾಗಿದ್ದದ್ದು ಅದಕ್ಕಿಂತ ಬಹಳ ಅಗಲವಾದ ನೋಟ, ಅದೂ ರಾತ್ರಿಯ ಆಕಾಶಕ್ಕಾಗಿ. ಈ ಎರಡನೆಯ ಕಾರಣವೇ ಆಯ್ಕೆಯ ದಾರಿಯನ್ನು ಬಹುಮಟ್ಟಿಗೆ ನಿರ್ಧರಿಸಿತು, ಏಕೆಂದರೆ ಈ ಗಾತ್ರದ ಸೆನ್ಸರಿಗೆಂದೇ ಎಫ್ 2.8ರ ಅತಿ ಅಗಲದ ಜೂಮ್ ಲೆನ್ಸನ್ನು ನಿಕಾನ್ ಎಂದೂ ತಯಾರಿಸಲಿಲ್ಲ. ಅದರ 12-24 ಲೆನ್ಸ್ ಎಫ್ 4ಕ್ಕೆ ನಿಲ್ಲುತ್ತದೆ, 10-24 ಲೆನ್ಸ್ ಎಫ್ 3.5ರಿಂದ 4.5ರ ನಡುವೆ ಇದೆ, 2017ರ ಹಗುರವಾದ 10-20 ಲೆನ್ಸ್ ಎಫ್ 4.5ರಿಂದ ಶುರುವಾಗುತ್ತದೆ. ಎಫ್ 4.5ಕ್ಕೆ ಹೋಲಿಸಿದರೆ ಎಫ್ 2.8 ಸೆನ್ಸರಿಗೆ ಎರಡೂವರೆ ಪಟ್ಟಿಗಿಂತ ಹೆಚ್ಚು ಬೆಳಕನ್ನು ಬಿಡುತ್ತದೆ. ನಕ್ಷತ್ರಗಳು ಗೆರೆಯಾಗಿ ಎಳೆಯದಂತೆ ನಿಲ್ಲಬೇಕಾದರೆ 11 ಮಿ.ಮೀ.ನಲ್ಲಿ ಎಕ್ಸ್‌ಪೋಷರನ್ನು ಸುಮಾರು 30 ಸೆಕೆಂಡಿಗೆ ಮುಗಿಸಬೇಕಾಗುತ್ತದೆ. ಸಮಯವನ್ನು ಹಿಗ್ಗಿಸುವ ಅವಕಾಶ ಇಲ್ಲದಿರುವಾಗ ಬೆಳಕು ಬರಬೇಕಾದದ್ದು ಅಪರ್ಚರಿನಿಂದಲೇ.

ಆದ್ದರಿಂದ ನನ್ನ ಹುಡುಕಾಟ ಬೇರೆ ಕಂಪನಿಗಳ ಲೆನ್ಸುಗಳತ್ತ ತಿರುಗಿತು. ಕ್ಯಾಮೆರಾ ತಯಾರಕರಲ್ಲದ ಕಂಪನಿಯ ಲೆನ್ಸ್ ಎಂದರೆ ಎರಡನೆಯ ದರ್ಜೆಯದು ಎಂಬ ಭಾವನೆ ಇನ್ನೂ ಕೆಲವರಲ್ಲಿದೆ. ಟ್ಯಾಮ್ರಾನ್ ಮತ್ತು ಟೋಕಿನಾ 1950ರಲ್ಲಿ, ಸಿಗ್ಮಾ 1961ರಲ್ಲಿ ಹುಟ್ಟಿದ ಕಂಪನಿಗಳು. ಗಾಜು ಉಜ್ಜುವ ಕೆಲಸದಲ್ಲಿ ಇವುಗಳಿಗೆ ಅರ್ಧ ಶತಮಾನಕ್ಕೂ ಮೀರಿದ ಅನುಭವವಿದೆ. ಇವುಗಳಲ್ಲಿ ನಿಜವಾಗಿ ಯೋಚಿಸಬೇಕಾದದ್ದು ಗಾಜಿನ ಗುಣಮಟ್ಟವನ್ನಲ್ಲ, ಕ್ಯಾಮೆರಾ ಮತ್ತು ಲೆನ್ಸಿನ ನಡುವಿನ ಮಾತುಕತೆಯನ್ನು. ಕ್ಯಾಮೆರಾ ತಯಾರಕರು ತಮ್ಮ ಮೌಂಟಿನ, ಅಂದರೆ ಕ್ಯಾಮೆರಾಕ್ಕೆ ಲೆನ್ಸ್ ಕೂರುವ ಜಾಗದ, ವಿದ್ಯುನ್ಮಾನ ಸಂಕೇತಗಳನ್ನು ಹೊರಗಿನವರಿಗೆ ಬಿಟ್ಟುಕೊಡದಿದ್ದಾಗ ಇತರ ಕಂಪನಿಗಳು ಅವುಗಳನ್ನು ತಾವೇ ಬಿಡಿಸಿ ಅರಿತುಕೊಳ್ಳಬೇಕಾಗುತ್ತದೆ. ಹಾಗಾಗಿ ಇಂದು ಸರಿಯಾಗಿ ನಡೆಯುವ ಲೆನ್ಸ್ ನಾಳೆ ಬರುವ ಹೊಸ ಕ್ಯಾಮೆರಾದಲ್ಲಿ ನಿಂತುಹೋಗುವ ಸಾಧ್ಯತೆ ಇರುತ್ತದೆ. ಇದಕ್ಕೆ ಪರಿಹಾರವಾಗಿ ಸಿಗ್ಮಾ 2013ರಲ್ಲಿ ಯುಎಸ್‌ಬಿ ಡಾಕ್ ತಂದಿತು, ಟ್ಯಾಮ್ರಾನ್ 2016ರಲ್ಲಿ ಟ್ಯಾಪ್-ಇನ್ ಕನ್ಸೋಲ್ ತಂದಿತು. ಕಂಪ್ಯೂಟರಿಗೆ ಜೋಡಿಸುವ ಈ ಸಾಧನಗಳಿಂದ ಲೆನ್ಸಿನೊಳಗಿನ ತಂತ್ರಾಂಶವಾದ ಫರ್ಮ್‌ವೇರನ್ನು ನಾವೇ ಬದಲಾಯಿಸಬಹುದು. ಆದರೆ ಸಿಗ್ಮಾದ ಡಾಕ್ ಹೊಸ ಸಾಲಿನ ಲೆನ್ಸುಗಳಿಗೆ ಮಾತ್ರ ಹೊಂದುತ್ತದೆ ಎಂಬುದನ್ನು ಹಳೆಯ ಲೆನ್ಸ್ ಕೊಳ್ಳುವವರು ಮರೆಯಬಾರದು.

ನನ್ನ ಪಟ್ಟಿಯಲ್ಲಿ ನಾಲ್ಕು ಹೆಸರುಗಳು ಉಳಿದವು. ಸಿಗ್ಮಾದ 10-20, ಉದ್ದಕ್ಕೂ ಎಫ್ 3.5 ಕೊಡುವ 2009ರ ಲೆನ್ಸ್. ಟ್ಯಾಮ್ರಾನ್‌ನ 2017ರ 10-24, ಇದರಲ್ಲಿ ಕೈನಡುಕವನ್ನು ತಡೆಯುವ ವ್ಯವಸ್ಥೆಯಿದೆ. ಟೋಕಿನಾದ 11-16ರ ಎರಡನೆಯ ಆವೃತ್ತಿ, ಮತ್ತು 2015ರಲ್ಲಿ ಬಂದ 11-20. ಹಗಲಿನಲ್ಲಿ ಕಟ್ಟಡಗಳ ಒಳಾಂಗಣವನ್ನು ಟ್ರೈಪಾಡ್ ಇಲ್ಲದೆ ತೆಗೆಯುವವರಾದರೆ ನಾನು ಹಿಂದೆಮುಂದೆ ನೋಡದೆ ಟ್ಯಾಮ್ರಾನನ್ನೇ ಸೂಚಿಸುತ್ತೇನೆ. ಅದು 440 ಗ್ರಾಂ ತೂಗುತ್ತದೆ, 77 ಮಿ.ಮೀ. ಫಿಲ್ಟರ್ ಹಿಡಿಯುತ್ತದೆ ಮತ್ತು ಅದರ ಜೂಮ್ ವ್ಯಾಪ್ತಿ ಈ ನಾಲ್ಕರಲ್ಲೇ ದೊಡ್ಡದು. ಆದರೆ ಕೈನಡುಕದ ತಡೆ ನಕ್ಷತ್ರಗಳ ಚಲನೆಯನ್ನು ನಿಲ್ಲಿಸುವುದಿಲ್ಲವಾದ್ದರಿಂದ ಆ ಅನುಕೂಲ ನನಗೆ ಉಪಯೋಗಕ್ಕೆ ಬರುತ್ತಿರಲಿಲ್ಲ.

10 ಮಿ.ಮೀ. ಮತ್ತು 11 ಮಿ.ಮೀ. ನಡುವಿನ ಅಂತರವನ್ನು ಹಗುರವಾಗಿ ಕಾಣಬಾರದು. 50 ಮಿ.ಮೀ. ಲೆನ್ಸಿಗೆ ಒಂದು ಮಿಲಿಮೀಟರ್ ಸೇರಿಸಿದರೆ ನೋಟದ ಕೋನ ಒಂದು ಡಿಗ್ರಿಯಷ್ಟೂ ಬದಲಾಗುವುದಿಲ್ಲ. ಆದರೆ 10ರಲ್ಲಿ ಸುಮಾರು 109 ಡಿಗ್ರಿ ಇರುವ ಕೋನ 11ಕ್ಕೆ ಬರುವಾಗ 104ಕ್ಕೆ ಇಳಿದಿರುತ್ತದೆ. ಇಕ್ಕಟ್ಟಾದ ಜಾಗದಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತವರಿಗೆ ಆ ಐದು ಡಿಗ್ರಿಯ ಬೆಲೆ ಗೊತ್ತಾಗುತ್ತದೆ. ಆಕಾಶಕ್ಕೆ ಆ ತೊಂದರೆಯಿಲ್ಲ. ನಾನು 11ಕ್ಕೆ ಸಮಾಧಾನಪಟ್ಟುಕೊಂಡೆ. ಉಳಿದ ಎರಡು ಟೋಕಿನಾಗಳಲ್ಲಿ 11-16 ಹೆಚ್ಚು ಹೆಸರು ಮಾಡಿದ ಲೆನ್ಸ್, ಆದರೆ ಅದರ ಜೂಮ್ ವ್ಯಾಪ್ತಿ ತೀರ ಕಿರಿದು. 20 ಮಿ.ಮೀ.ವರೆಗೆ ಹೋಗುವ ಲೆನ್ಸಿನಲ್ಲಿ ನೋಟದ ಕೋನ ಸುಮಾರು 70 ಡಿಗ್ರಿಗೆ ಬರುವುದರಿಂದ ಹಗಲಿನ ತಿರುಗಾಟದಲ್ಲಿ ಲೆನ್ಸ್ ಬದಲಿಸದೆ ಬಹಳ ಹೊತ್ತು ಇರಬಹುದು. ಅದಕ್ಕೆ 82 ಮಿ.ಮೀ. ಫಿಲ್ಟರ್ ಬೇಕು ಮತ್ತು ನನ್ನಲ್ಲಿದ್ದ 77ರ ಫಿಲ್ಟರುಗಳು ಹೊಂದುವುದಿಲ್ಲ ಎಂಬ ಹೊರೆಯನ್ನು ತಿಳಿದೇ ಒಪ್ಪಿಕೊಂಡೆ. ಅಂದಹಾಗೆ, ಇಷ್ಟು ಅಗಲದ ಲೆನ್ಸಿಗೆ ಆಕಾಶದ ನೀಲಿಯನ್ನು ಗಾಢಗೊಳಿಸುವ ಪೋಲರೈಸರ್ ಫಿಲ್ಟರ್ ಹಾಕಿದರೆ ಆಕಾಶದ ಒಂದು ಭಾಗ ಕಡುನೀಲಿಯಾಗಿ ಇನ್ನೊಂದು ಭಾಗ ತಿಳಿಯಾಗಿ ಉಳಿಯುವುದರಿಂದ ಆ ಫಿಲ್ಟರನ್ನು ಹೊಸದಾಗಿ ಕೊಳ್ಳುವ ಅಗತ್ಯವೂ ನನಗೆ ಕಾಣಲಿಲ್ಲ.

ಇಲ್ಲಿ ಬಳಸಿದ ಲೆನ್ಸ್ ಹುಡುಕುವವರು ಜಾರಿಬೀಳಬಹುದಾದ ಒಂದು ಜಾಗವಿದೆ. ನಿಕಾನಿನ ದೊಡ್ಡ ಕ್ಯಾಮೆರಾಗಳ ಮೌಂಟಿನ ಲೋಹದ ಬಳೆಯನ್ನು ಹತ್ತಿರದಿಂದ ನೋಡಿದರೆ, ಅದರ ಅಂಚಿನಲ್ಲಿ ಸ್ಕ್ರೂಡ್ರೈವರಿನ ತುದಿಯಂತಹ ಒಂದು ಚಿಕ್ಕ ಮೊಳೆ ಹೊರಚಾಚಿರುವುದು ಕಾಣುತ್ತದೆ. ಬೆರಳಿನಿಂದ ಒತ್ತಿದರೆ ಅದು ಒಳಗೆ ಹೋಗಿ ಮತ್ತೆ ಹೊರಬರುತ್ತದೆ. ಕ್ಯಾಮೆರಾದ ಒಳಗಿನ ಮೋಟಾರು ಅದನ್ನು ತಿರುಗಿಸುತ್ತದೆ, ಅದು ಲೆನ್ಸಿನ ಒಳಗಿನ ಹಲ್ಲುಗಳನ್ನು ತಿರುಗಿಸುತ್ತದೆ, ಫೋಕಸ್ ಆಗುತ್ತದೆ. ಡಿ40, ಡಿ3000 ಮತ್ತು (ನನ್ನ ಡಿ5600 ಸೇರಿದ) ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಆ ಮೊಳೆಯೇ ಇಲ್ಲ. ನಿಕಾನಿಗಾಗಿ ಬಂದ ಟೋಕಿನಾ 11-16ರ ಮೊದಲ ಆವೃತ್ತಿಯಲ್ಲಿ ಸ್ವಂತ ಮೋಟಾರು ಇಲ್ಲವಾದ್ದರಿಂದ ಈ ಕ್ಯಾಮೆರಾಗಳಲ್ಲಿ ಅದು ತಾನಾಗಿ ಫೋಕಸ್ ಮಾಡುವುದಿಲ್ಲ. ಎರಡನೆಯ ಆವೃತ್ತಿಗೆ ಮೋಟಾರು ಬಂತು. ಮಾರಾಟದ ಪುಟಗಳಲ್ಲಿ ಈ ಎರಡರ ನಡುವೆ ಕಾಣುವ ವ್ಯತ್ಯಾಸ ಹೆಸರಿನ ಕೊನೆಯ ಒಂದು ರೋಮನ್ ಅಂಕೆ ಮಾತ್ರ, ಮತ್ತು ಮಾರುವವರು ಅದನ್ನು ಬರೆಯದೆ ಬಿಡುವುದುಂಟು. ಅದೇ ರೀತಿ ಕ್ಯಾನನ್ ಮೌಂಟಿನ ಲೆನ್ಸಿಗೆ ನಿಕಾನ್ ಮೌಂಟಿನದರ ಚಿತ್ರ ಹಾಕಿರುವುದನ್ನೂ ನಾನು ಕಂಡಿದ್ದೇನೆ. ಹೆಸರನ್ನು ನಂಬದೆ, ಲೆನ್ಸಿನ ಹಿಂಭಾಗದ ಚಿತ್ರವನ್ನು ಕೇಳಿ ತರಿಸಿಕೊಳ್ಳುವುದು ಉತ್ತಮ.

ಹಾಗೆಂದು ಮೋಟಾರಿಲ್ಲದ ಲೆನ್ಸ್ ವೈಡ್ ಛಾಯಾಗ್ರಹಣಕ್ಕೆ ನಿಷ್ಪ್ರಯೋಜಕ ಎಂದಲ್ಲ. 11 ಮಿ.ಮೀ.ನಲ್ಲಿ ಎಫ್ 8 ಇಟ್ಟು ಸುಮಾರು 75 ಸೆಂ.ಮೀ. ದೂರಕ್ಕೆ ಫೋಕಸ್ ನಿಲ್ಲಿಸಿದರೆ, 40 ಸೆಂ.ಮೀ. ಒಳಗಿನಿಂದ ಹಿಡಿದು ದಿಗಂತದವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಭೂದೃಶ್ಯವನ್ನಷ್ಟೇ ತೆಗೆಯುವವರು ಮೊದಲ ಆವೃತ್ತಿಯನ್ನು ಕೊಂಡು ನೆಮ್ಮದಿಯಿಂದ ಇರಬಹುದು. ಆದರೆ ಮೋಟಾರಿಲ್ಲವೆಂದು ತಿಳಿದೇ ಕೊಂಡದ್ದಾಗಿರಬೇಕು.

ಈಗ ಹಳೆಯ ನಷ್ಟದ ಸಂಗತಿ. ಕೆಲವು ವರ್ಷಗಳ ಹಿಂದೆ ಹೊರದೇಶದ ಮಾರಾಟಗಾರರೊಬ್ಬರಿಂದ ಬಳಸಿದ ವೈಡ್ ಜೂಮ್ ಒಂದನ್ನು ತರಿಸಿಕೊಂಡಿದ್ದೆ. ಅವರ ಹೆಸರಾಗಲಿ ಆ ಲೆನ್ಸಿನ ಹೆಸರಾಗಲಿ ಇಲ್ಲಿ ಬೇಡ. ಹೊರನೋಟಕ್ಕೆ ಅದರ ಮೇಲೆ ಒಂದು ಗೀರೂ ಇರಲಿಲ್ಲ. ಮೂರು ವಾರ ಬಳಸಿದ ಮೇಲೆ, ದೂರದ ಬೆಟ್ಟದ ಸಾಲಿನ ಒಂದು ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಿದ್ದಾಗ ಎಡಬದಿಯ ಮರಗಳು ಎಲೆ ಎಲೆಯಾಗಿ ಬಿಡಿಸಿ ಕಾಣುತ್ತಿದ್ದವು, ಬಲಬದಿಯ ಮರಗಳು ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡಿಕೊಂಡಿದ್ದವು. ಹಿಂದಿನ ಚಿತ್ರಗಳನ್ನು ತೆರೆದು ನೋಡಿದರೆ ಎಲ್ಲದರಲ್ಲೂ ಬಲಬದಿ ಹಾಗೆಯೇ ಇತ್ತು. ಒಳಗಿನ ಗಾಜುಗಳಲ್ಲಿ ಯಾವುದೋ ಒಂದು ತನ್ನ ಅಕ್ಷದಿಂದ ತುಸು ಸರಿದಿತ್ತು. ಮಾರಾಟಗಾರರು ಹಿಂದಕ್ಕೆ ಪಡೆಯುವ ಅವಧಿ ಅಷ್ಟರಲ್ಲಿ ಮುಗಿದಿತ್ತು. ಆದರೂ ಅವರು ಒಪ್ಪಿಕೊಂಡರು. ಕಳುಹಿಸುವ ವೆಚ್ಚ ನನ್ನದಾಯಿತು. ಕಟ್ಟಿದ ಆಮದು ಸುಂಕ ಮಾತ್ರ ಮರಳಿ ಬರಲಿಲ್ಲ, ಏಕೆಂದರೆ ಹೊರಹೋಗುತ್ತಿರುವ ಲೆನ್ಸ್ ಒಳಬಂದ ಲೆನ್ಸೇ ಎಂದು ತೋರಿಸುವ ಯಾವ ದಾಖಲೆಯೂ ನನ್ನಲ್ಲಿರಲಿಲ್ಲ. ಮಾರಾಟದ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲಿಲ್ಲ, ನಾನೂ ಅದರ ಚಿತ್ರ ತೆಗೆದಿಟ್ಟುಕೊಂಡಿರಲಿಲ್ಲ.

ಈ ದೋಷ ವೈಡ್ ಜೂಮ್‌ಗಳಲ್ಲಿ ಎದ್ದು ಕಾಣುವುದಕ್ಕೆ ಕಾರಣವಿದೆ. ನಾನು ಈಗ ಕೊಂಡ 11-20ರ ಒಳಗೆ 12 ಗುಂಪುಗಳಲ್ಲಿ 14 ಗಾಜುಗಳಿವೆ, ಜೂಮ್ ಮಾಡಿದಾಗ ಗುಂಪುಗಳು ಒಂದರ ಹಿಂದೆ ಒಂದು ಸರಿಯುತ್ತವೆ. ಇಷ್ಟು ಗಾಜುಗಳ ನಡುವೆ ಒಂದು ಕೂದಲೆಳೆಯಷ್ಟು ವಾಲಿದರೂ ಫೋಕಸ್ ಆಗುವ ಸಮತಲವೇ ವಾಲುತ್ತದೆ. ಕಾರ್ಖಾನೆಯಿಂದ ಸರಿಯಾಗಿ ಬಂದ ಲೆನ್ಸ್ ಕೂಡ ಒಮ್ಮೆ ಕೈಜಾರಿ ಬಿದ್ದಿದ್ದರೆ, ಹೊರಗೆ ಗುರುತಿಲ್ಲದೆ ಒಳಗೆ ಹೀಗಾಗಿರಬಹುದು. ಬಳಸಿದ ಲೆನ್ಸಿನ ಪೂರ್ವಚರಿತ್ರೆ ನಮಗೆ ಗೊತ್ತಿರುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡೇ ಮುಂದಿನ ಎಲ್ಲ ಕೆಲಸಗಳನ್ನೂ ಮಾಡಬೇಕು.

ಆದ್ದರಿಂದ ಈ ಬಾರಿ ನಾನು ಬೆಲೆಗಿಂತ ಮೊದಲು ಹಿಂದಿರುಗಿಸುವ ಷರತ್ತನ್ನು ಓದಿದೆ. ಲೆನ್ಸ್ ಕೈಗೆ ಬಂದ ದಿನದಿಂದ ಎಣಿಸುವ ಅವಧಿ, ದೋಷವಿದ್ದರೆ ಮರುಸಾಗಣೆಯ ವೆಚ್ಚ ಯಾರದು, ಅಂಚುಗಳ ಅಸಮಾನತೆಯನ್ನು ದೋಷವೆಂದು ಅವರು ಒಪ್ಪುತ್ತಾರೆಯೇ ಎಂಬ ಮೂರು ಪ್ರಶ್ನೆಗಳನ್ನು ಬರೆದು ಕೇಳಿದೆ. ಇವಕ್ಕೆ ನೇರವಾಗಿ ಉತ್ತರಿಸದ ಇಬ್ಬರನ್ನು, ಅವರ ಬೆಲೆ ಕಡಿಮೆ ಇದ್ದರೂ, ಅಲ್ಲಿಗೇ ಬಿಟ್ಟೆ. ಜಪಾನಿನ ಮಾರಾಟಗಾರರ ವಿವರಣೆಗಳಲ್ಲಿ ಮೂರು ಜಪಾನಿ ಪದಗಳನ್ನು ಗುರುತಿಸಲು ಕಲಿತುಕೊಂಡರೆ ಅನುವಾದದ ಗೊಂದಲ ಬಹಳಷ್ಟು ತಪ್ಪುತ್ತದೆ: ‘ಚಿರಿ’ ಎಂದರೆ ದೂಳು, ‘ಕುಮೋರಿ’ ಎಂದರೆ ಮಬ್ಬು, ‘ಕಬಿ’ ಎಂದರೆ ಬೂಷ್ಟು. ಒಳಗಿನ ಒಂದೆರಡು ದೂಳಿನ ಕಣಗಳು ಚಿತ್ರದಲ್ಲಿ ಕಾಣುವುದಿಲ್ಲ, ಅದಕ್ಕಾಗಿ ಒಳ್ಳೆಯ ಲೆನ್ಸನ್ನು ಬಿಡಬೇಕಾಗಿಲ್ಲ. ಮಬ್ಬು ಇದ್ದರೆ ಎದುರು ಬೆಳಕಿನಲ್ಲಿ ಚಿತ್ರ ತೊಳೆದುಹೋದಂತಾಗುತ್ತದೆ. ಬೂಷ್ಟು ಬಂದಿದ್ದರೆ ಆ ಲೆನ್ಸನ್ನು ಯಾವ ಬೆಲೆಗೂ ಕೊಳ್ಳಬಾರದು, ಏಕೆಂದರೆ ಅದು ಗಾಜಿನ ಲೇಪನವನ್ನೇ ತಿನ್ನುತ್ತದೆ. ‘ಹೊಸದರಂತಿದೆ’ ಎಂಬ ಮಾತಿನ ಮುಂದೆ ಹಾಕುವ ಕೂಡುವ ಚಿಹ್ನೆಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಿಂದಿನಿಂದ ಟಾರ್ಚ್ ಹಿಡಿದು ಗಾಜಿನ ಮೂಲಕ ತೆಗೆದ ಒಂದು ಚಿತ್ರವನ್ನು ಕೇಳುತ್ತೇನೆ. ಮಬ್ಬು, ಬೂಷ್ಟು ಎರಡೂ ಅದರಲ್ಲಿ ಬಯಲಾಗುತ್ತವೆ.

ಹೊಸ ಲೆನ್ಸನ್ನೇ ಏಕೆ ಕೊಳ್ಳಲಿಲ್ಲ ಎಂದು ಕೇಳಬಹುದು. ಹೊರದೇಶದಲ್ಲಿ ಕೊಂಡ ಹೊಸ ಲೆನ್ಸಿನ ವಾರಂಟಿ ಹಲವು ಬಾರಿ ಅದು ಮಾರಾಟವಾದ ದೇಶಕ್ಕೆ ಮಾತ್ರ ಸೀಮಿತವಾಗಿರುತ್ತದೆ. ಅಂಥ ವಾರಂಟಿಗಾಗಿ ಹೆಚ್ಚು ಹಣ ಕೊಡುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. ವಾರಂಟಿ ನಮ್ಮಲ್ಲೂ ನಡೆಯುತ್ತದೆಯೇ ಎಂಬುದನ್ನು ಮಾರಾಟಗಾರರಿಂದಲ್ಲ, ತಯಾರಕರ ಸ್ಥಳೀಯ ಸೇವಾಕೇಂದ್ರದಿಂದಲೇ ಬರಹದಲ್ಲಿ ತಿಳಿದುಕೊಳ್ಳಬೇಕು.

ವೆಚ್ಚದ ಲೆಕ್ಕದಲ್ಲಿ ಹೊಸಬರು ತಪ್ಪುವುದು ಸಾಮಾನ್ಯವಾಗಿ ಸಾಗಣೆ ಮತ್ತು ಸುಂಕದಲ್ಲಿ. ಕೊರಿಯರ್ ಕಂಪನಿಗಳು ತೂಕವನ್ನಷ್ಟೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿ ಬಂದ ಸಂಖ್ಯೆಯನ್ನೂ ಕಿಲೋ ಎಂದು ಹಿಡಿಯುತ್ತವೆ, ಎರಡರಲ್ಲಿ ದೊಡ್ಡದಕ್ಕೆ ದರ ಹಾಕುತ್ತವೆ. ಈ ಲೆನ್ಸಿನ ತೂಕ 560 ಗ್ರಾಂ. ಆದರೆ ಅದನ್ನು 30, 25, 20 ಸೆಂ.ಮೀ.ಗಳ ಪೆಟ್ಟಿಗೆಯಲ್ಲಿಟ್ಟರೆ ದರ ಮೂರು ಕಿಲೋಗೆ ಬೀಳುತ್ತದೆ. ಹಾಗೆಂದು ಮೆತ್ತೆಯನ್ನು ಕಡಿಮೆ ಮಾಡಿಸಬಾರದು, ಏಕೆಂದರೆ ಮೇಲೆ ಹೇಳಿದ ವಾಲುವಿಕೆ ದಾರಿಯಲ್ಲಿಯೂ ಆಗಬಹುದು. ಮೆತ್ತೆಯ ದಪ್ಪ ಉಳಿಸಿಕೊಂಡು ತುಸು ಚಿಕ್ಕ ಪೆಟ್ಟಿಗೆ ಬಳಸುವಂತೆ ವಿನಂತಿಸಿದೆ.

ಕ್ಯಾಮೆರಾ ಲೆನ್ಸುಗಳು ಅಂತರರಾಷ್ಟ್ರೀಯ ಸುಂಕ ವರ್ಗೀಕರಣದಲ್ಲಿ 9002.11 ಎಂಬ ಸಂಖ್ಯೆಯಡಿ ಬರುತ್ತವೆ. ಈ ಸಂಖ್ಯೆಯನ್ನು ಹಿಡಿದು ತಮ್ಮ ದೇಶದ ದರವನ್ನು ಮೊದಲೇ ನೋಡಿಕೊಳ್ಳಬಹುದು. ಬಹಳ ದೇಶಗಳಲ್ಲಿ ಸುಂಕ ಬೀಳುವುದು ಲೆನ್ಸಿನ ಬೆಲೆಯ ಮೇಲೆ ಮಾತ್ರವಲ್ಲ, ಅದಕ್ಕೆ ಸಾಗಣೆ ಮತ್ತು ವಿಮೆಯನ್ನು ಸೇರಿಸಿದ ಮೊತ್ತದ ಮೇಲೆ. ಆಮೇಲೆ ಸ್ಥಳೀಯ ತೆರಿಗೆ, ಕೊರಿಯರ್‌ನವರು ನಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ಪಡೆಯುವ ಶುಲ್ಕ. ಕೆಲವು ಮಾರಾಟಗಾರರು ಬೆಲೆಯನ್ನು ಕಡಿಮೆ ಬರೆದು ಅಥವಾ ಉಡುಗೊರೆ ಎಂದು ನಮೂದಿಸಿ ಕಳುಹಿಸುತ್ತೇವೆ ಎಂದು ತಾವಾಗಿಯೇ ಮುಂದೆ ಬರುತ್ತಾರೆ. ಇದನ್ನು ಒಪ್ಪಿಕೊಳ್ಳಬಾರದು. ಅದು ಸುಳ್ಳು ಘೋಷಣೆ ಎಂಬುದು ಒಂದು ಕಾರಣವಾದರೆ, ಪೆಟ್ಟಿಗೆ ಕಳೆದುಹೋದಾಗ ಪರಿಹಾರವೂ ಆ ಬರೆದ ಬೆಲೆಗೇ ನಿಲ್ಲುತ್ತದೆ ಎಂಬುದು ಇನ್ನೊಂದು. ಹಣ ಪಾವತಿಸುವಾಗ ನಮ್ಮ ಕರೆನ್ಸಿಯಲ್ಲೇ ಕೊಡಬಹುದು ಎಂಬ ಆಯ್ಕೆ ಬಂದರೆ ಅದನ್ನು ಬಿಟ್ಟು ಮಾರಾಟಗಾರರ ಕರೆನ್ಸಿಯಲ್ಲೇ ಕೊಡುವುದು ಸಾಮಾನ್ಯವಾಗಿ ಲಾಭ, ಏಕೆಂದರೆ ಆ ಪುಟದ ವಿನಿಮಯ ದರ ಬಹುತೇಕ ಯಾವಾಗಲೂ ನಮಗೆ ಪ್ರತಿಕೂಲವಾಗಿರುತ್ತದೆ. ನನ್ನ ಮಾರಾಟಗಾರರು ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆಯಲು ಒಪ್ಪಿದರು. ಈ ಒಂದು ಸಾಲಿಗಾಗಿ ಮೂರು ಪತ್ರಗಳನ್ನು ಬರೆಯಬೇಕಾಯಿತು.

ಪೆಟ್ಟಿಗೆ ಬಂದ ದಿನ, ತೆರೆಯುವ ಮೊದಲಿನಿಂದಲೂ ಫೋನಿನಲ್ಲಿ ವಿಡಿಯೋ ಮಾಡಿಕೊಂಡೆ. ಮೂಲೆಗಳು ಜಜ್ಜಿರಲಿಲ್ಲ. ಲೆನ್ಸಿನ ಮೇಲಿನ ಸಂಖ್ಯೆಯನ್ನು ಬಿಲ್ಲಿನ ಪಕ್ಕದಲ್ಲಿಟ್ಟು ಒಂದು ಚಿತ್ರ ತೆಗೆದೆ. ಫೋಕಸ್ ರಿಂಗನ್ನು ಮುಂದಕ್ಕೆ ತಳ್ಳಿದರೆ ಆಟೋ ಫೋಕಸ್, ನನ್ನತ್ತ ಎಳೆದುಕೊಂಡರೆ ‘ಟಕ್’ ಎಂದು ಕೂತು ಮ್ಯಾನ್ಯುಯಲ್. ಟೋಕಿನಾದ ಈ ಏರ್ಪಾಡು ಕತ್ತಲಲ್ಲಿ ಕಣ್ಣಿಲ್ಲದೆಯೂ ಕೈಗೆ ಸಿಗುತ್ತದೆ, ನನಗಂತೂ ತುಂಬ ಹಿಡಿಸಿತು. ಆಮೇಲೆ ಟ್ರೈಪಾಡ್ ಹೊತ್ತು ತೆರೆದ ಬಯಲಿಗೆ ಹೋದೆ.

ಪರೀಕ್ಷೆಗೆ ಪಟ್ಟೆಗಳ ಹಾಳೆ ಬೇಕಿಲ್ಲ, ಇಟ್ಟಿಗೆಯ ಗೋಡೆಯಂತೂ ಬೇಡವೇ ಬೇಡ, ಏಕೆಂದರೆ ಗೋಡೆಗೆ ಕ್ಯಾಮೆರಾ ಸರಿಯಾಗಿ ಎದುರಾಗಿರದಿದ್ದರೆ ಆ ಓರೆಯೇ ಲೆನ್ಸಿನ ದೋಷದಂತೆ ಕಾಣುತ್ತದೆ. ಬಹಳ ದೂರದ, ಸೂಕ್ಷ್ಮ ವಿವರಗಳಿರುವ ಒಂದು ವಸ್ತು ಸಾಕು. ನಾನು ಆರಿಸಿಕೊಂಡದ್ದು ಬಯಲಿನಾಚೆ ಒಂಟಿಯಾಗಿ ನಿಂತಿದ್ದ ವಿದ್ಯುತ್ ಗೋಪುರವನ್ನು. 11 ಮಿ.ಮೀ., ಎಫ್ 2.8. ಗೋಪುರವನ್ನು ಚೌಕಟ್ಟಿನ ನಡುವೆ ಇಟ್ಟು ಪರದೆಯಲ್ಲಿ ದೊಡ್ಡದು ಮಾಡಿ ಕೈಯಿಂದ ಫೋಕಸ್ ಮಾಡಿ, ಆಮೇಲೆ ರಿಂಗನ್ನು ಮುಟ್ಟದೆ ಅದೇ ಗೋಪುರವನ್ನು ನಾಲ್ಕೂ ಮೂಲೆಗಳಿಗೆ ಒಂದೊಂದಾಗಿ ತಂದು ಚಿತ್ರ ತೆಗೆದೆ. 14, 16 ಮತ್ತು 20ರಲ್ಲೂ ಹಾಗೆಯೇ ಮಾಡಿದೆ, ಏಕೆಂದರೆ ಒಂದು ತುದಿಯಲ್ಲಿ ಸರಿಯಿರುವ ಲೆನ್ಸ್ ಇನ್ನೊಂದು ತುದಿಯಲ್ಲಿ ವಾಲಬಹುದು. ಮೂಲೆಗಳು ನಡುವಿಗಿಂತ ಮೃದುವಾಗಿರುವುದು ತಪ್ಪಲ್ಲ; ಇಷ್ಟು ಅಗಲದ, ಇಷ್ಟು ತೆರೆದ ಅಪರ್ಚರಿನ ಲೆನ್ಸುಗಳ ಸ್ವಭಾವವೇ ಅದು. ನಾಲ್ಕೂ ಮೂಲೆಗಳು ಒಂದೇ ಪ್ರಮಾಣದಲ್ಲಿ ಮೃದುವಾಗಿವೆಯೇ ಎಂಬುದನ್ನು ಮಾತ್ರ ನೋಡಬೇಕು. ಒಂದು ಬದಿ ಹೆಚ್ಚು ಮಸುಕಾಗಿದ್ದರೆ ಕ್ಯಾಮೆರಾವನ್ನು ತಲೆಕೆಳಗಾಗಿ ತಿರುಗಿಸಿ ಮತ್ತೆ ತೆಗೆಯಬೇಕು. ಮಸುಕು ಚಿತ್ರದಲ್ಲಿ ಮೊದಲಿದ್ದ ಬದಿಗೇ ಇದ್ದರೆ, ಅಂದರೆ ಸೆನ್ಸರಿನ ಅದೇ ಅಂಚನ್ನು ಹಿಡಿದುಕೊಂಡಿದ್ದರೆ, ಅದು ದೃಶ್ಯದ್ದಲ್ಲ, ಉಪಕರಣದ್ದು. ಆಗ ಇನ್ನೊಂದು ಲೆನ್ಸ್ ಹಾಕಿ ನೋಡಿದರೆ ಕ್ಯಾಮೆರಾದ್ದೋ ಲೆನ್ಸಿನದೋ ಎಂಬುದೂ ತಿಳಿಯುತ್ತದೆ.

ಆ ಸಂಜೆ ನಾಲ್ಕು ಮೂಲೆಗಳ ತುಣುಕುಗಳನ್ನು ಕತ್ತರಿಸಿ ಒಂದರ ಪಕ್ಕ ಒಂದು ಇಟ್ಟೆ. ಗೋಪುರದ ಅಡ್ಡಪಟ್ಟಿಗಳು ನಾಲ್ಕರಲ್ಲೂ ಒಂದೇ ರೀತಿ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಮೇಲಿನ ಬಲಮೂಲೆಯಲ್ಲಿ ಕೂದಲೆಳೆಯ ವ್ಯತ್ಯಾಸವಿತ್ತು, ಎಫ್ 4ಕ್ಕೆ ಅದೂ ಮಾಯವಾಯಿತು. ಎರಡು ದಿನ ಮೋಡ ಕವಿದಿದ್ದರಿಂದ ಆಕಾಶಕ್ಕೆ ಕಾಯಬೇಕಾಯಿತು. ಮೂರನೆಯ ರಾತ್ರಿ ವೃಶ್ಚಿಕ ರಾಶಿಯನ್ನು ಚೌಕಟ್ಟಿನ ನಡುವೆ ಇಟ್ಟು 25 ಸೆಕೆಂಡು ತೆರೆದೆ. ನಡುವಿನ ಚುಕ್ಕೆಗಳು ಚುಕ್ಕೆಗಳಾಗಿಯೇ ಇದ್ದವು. ಅಂಚಿನವು ಪುಟ್ಟ ರೆಕ್ಕೆ ಮೂಡಿದಂತೆ ತುಸು ಹರಡಿದ್ದವು, ಆದರೆ ಎಡಕ್ಕೂ ಬಲಕ್ಕೂ ಸಮನಾಗಿ. ಅಂದು ರಾತ್ರಿಯೇ ಮಾರಾಟಗಾರರಿಗೆ ಲೆನ್ಸ್ ಸರಿಯಾಗಿದೆಯೆಂದು ಬರೆದೆ. ಬಿಲ್ಲು, ಸುಂಕದ ರಸೀದಿ, ಸೀರಿಯಲ್ ನಂಬರಿನ ಚಿತ್ರ ಮತ್ತು ಗೋಪುರದ ಹದಿನಾರು ತುಣುಕುಗಳನ್ನು ಒಂದೇ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಮುಂದೆಂದಾದರೂ ಈ ಲೆನ್ಸನ್ನು ಮಾರಿದರೆ ಕೊಳ್ಳುವವರಿಗೆ ಅವನ್ನೂ ಜೊತೆಗೆ ಕೊಡುತ್ತೇನೆ.